ಮಲೇರಿಯಾ ಗೌಡರ ಮಲೇರಿಯಾ ಅಲ್ಲದ ಜ್ವರ

ನಾರಾವಿಯ ಸುತ್ತಮುತ್ತ ಕುಶಾಲಪ್ಪ ಗೌಡ ಎಂಬ ಹೆಸರಿನವರು ಮೂವರಿದ್ದರು. ಒಬ್ಬರಿಗೆ ಗದ್ದೆ ಇತ್ತು, ಇನ್ನೊಬ್ಬರಿಗೆ ಕೋವಿ ಇತ್ತು, ಮೂರನೆಯವರಿಗೆ ಇಲಾಖೆ ಇತ್ತು. ಈ ಮೂರನೆಯವರನ್ನು ಊರಿನವರು ಮಲೇರಿಯಾ ಗೌಡರು ಎಂದು ಕರೆಯುತ್ತಿದ್ದರು. ಹೆಸರಿಗೆ ಒಂದು ರೋಗ ಅಂಟಿಕೊಂಡದ್ದರ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ. ಪಟೇಲ, ಶಾನುಭಾಗ ಎಂಬ ಹಾಗೆ ಇದೂ ಒಂದು ಪದವಿಯೆಂದೇ ಅವರು ತಿಳಿದಿದ್ದರು.

ಪದವಿಗೆ ತಕ್ಕ ಕೆಲಸವೂ ಇತ್ತು. ಹದಿನೈದು ದಿನಕ್ಕೊಮ್ಮೆ ತನ್ನ ಪಾಲಿನ ಪ್ರತಿಯೊಂದು ಮನೆಗೂ ಹೋಗಬೇಕು. ಜ್ವರ ಬಂದವರು ಇದ್ದಾರೆಯೇ ಎಂದು ವಿಚಾರಿಸಬೇಕು. ಇದ್ದರೆ ಅವರ ಎಡಗೈಯ ಉಂಗುರದ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಸ್ಲೈಡಿನ ಮೇಲೆ ರಕ್ತ ಹಚ್ಚಿಕೊಂಡು, ನಾಲ್ಕು ಕಹಿ ಮಾತ್ರೆಗಳನ್ನು ತನ್ನ ಕಣ್ಣೆದುರಿನಲ್ಲೇ ನುಂಗಿಸಬೇಕು. ಕೊನೆಗೆ ಬಾಗಿಲಿನ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು ರುಜು ಹಾಕಬೇಕು. ಹನ್ನೊಂದು ವರ್ಷಗಳಿಂದ ಗೌಡರು ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಸುಣ್ಣ ಬಳಿಯುವವರು ಕೂಡ ಅವರ ರುಜು ಇದ್ದಷ್ಟು ಜಾಗವನ್ನು ಬಿಟ್ಟು ಬಳಿಯುತ್ತಿದ್ದರು. ಸರಕಾರದ್ದನ್ನು ನಾವು ಯಾಕೆ ಅಳಿಸುವುದು ಎಂದು.

ಮನೆಯಲ್ಲಿ ಗೌಡರದ್ದು ತುಳು. ಖಾಕಿ ಚೀಲ ಹೆಗಲಿಗೇರಿತೆಂದರೆ ಕನ್ನಡ, ಅದೂ ಪಾಠಪುಸ್ತಕದ ಕನ್ನಡ. ಹಿಂದಿನ ಸಂಜೆ ಒಂದೇ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿದ ನೆರೆಮನೆಯ ಚನಿಯಪ್ಪನನ್ನು ಕೂಡ ಬೆಳಿಗ್ಗೆ ಚೀಲದೊಂದಿಗೆ ಬಂದಾಗ, "ತಮ್ಮ ಮನೆಯಲ್ಲಿ ಜ್ವರಪೀಡಿತರು ಯಾರಾದರೂ ಇರುವರೇ?" ಎಂದು ಕೇಳುವರು. ಚನಿಯಪ್ಪ ಮೊದಮೊದಲು ಹಿಂದೆ ತಿರುಗಿ, ಬೇರೆ ಯಾರಾದರೂ ಬಂದು ನಿಂತಿದ್ದಾರೋ ಎಂದು ನೋಡುತ್ತಿದ್ದ.

ಗೌಡರ ಸಿದ್ಧಾಂತ ಸರಳವಾಗಿತ್ತು. ಯಾವ ಜ್ವರವೂ ಮಲೇರಿಯಾ ಅಲ್ಲವೆಂದು ಸಾಬೀತಾಗುವವರೆಗೆ ಮಲೇರಿಯಾವೇ. ಸಾಬೀತಾದ ಮೇಲೂ ಸ್ವಲ್ಪ ಸಂಶಯ ಇಟ್ಟುಕೊಳ್ಳುವುದು ಒಳ್ಳೆಯದು. ಮಂಗನಬಾವಿನಿಂದ ಕೆಪ್ಪಟೆ ಬಾತು ಮುಖ ಹಲಸಿನ ಹಣ್ಣಿನಂತಾಗಿದ್ದವನಿಗೂ ಅವರು ನಾಲ್ಕು ಮಾತ್ರೆ ನುಂಗಿಸಿದ್ದುಂಟು. ಆ ಮನುಷ್ಯ ಎಂಟು ದಿನದಲ್ಲಿ ಗುಣವಾದ. ಗೌಡರ ಸಿದ್ಧಾಂತ ಇನ್ನಷ್ಟು ಗಟ್ಟಿಯಾಯಿತು.

ಇದು ನಡೆದದ್ದು ಎಪ್ಪತ್ತೆಂಟನೆಯ ಇಸವಿಯ ನವೆಂಬರಿನಲ್ಲಿ. ಊರಿನ ನಾಲ್ಕಾರು ಮನೆಗಳಿಗೆ ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡಿಕೊಡುವ ಸೇಸಮ್ಮ ಎಂಬ ಮುದುಕಿ ಇದ್ದಳು. ಆ ದಿನ ಅವಳ ಅಂಗಳದಲ್ಲಿ ನಾಲ್ಕೈದು ಹೆಂಗಸರು ಬೇಯಿಸಿದ ಭತ್ತವನ್ನು ಒಣಗಲೆಂದು ಕಾಲಿನಿಂದ ಹರಗುತ್ತಿದ್ದರು. ಗೌಡರು ಸೈಕಲ್ಲು ಇಳಿಯುವ ಹೊತ್ತಿಗೆ ಸೇಸಮ್ಮ ಮರದ ಇಲಿ ಬೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಳ ದಾಟುತ್ತಿದ್ದಳು. ಒಳಗಿನಿಂದ ಪರಪರ ಸದ್ದು ಬರುತ್ತಿತ್ತು.

"ತಾವು ಅದನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ?"

"ತೋಡಿನ ನೀರಿನ ಆಚೆ ಬಿಟ್ಟು ಬರ್ತೇನೆ ಗೌಡ್ರೆ. ಇವತ್ತು ಸಂಕಷ್ಟಿ ಅಲ್ವಾ? ಗಣಪತಿಯ ವಾಹನವನ್ನು ಇವತ್ತೇ ಕೊಲ್ಲುವುದು ಹೇಗೆ?"

"ಆಚೆ ಬಿಟ್ಟರೆ ಅದು ಈಚೆಗೆ ಬರುವುದಿಲ್ಲವೇ?"

"ಬರ್ತದೆ. ಆದರೆ ನಾಳೆ ಬರ್ತದೆ. ನಾಳೆ ಸಂಕಷ್ಟಿ ಅಲ್ಲ."

ಈ ತರ್ಕಕ್ಕೆ ಇಲಾಖೆಯ ಕೈಪಿಡಿಯಲ್ಲಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಲ್ಲಿ ಗೌಡರು ಅಧಿಕಾರ ಉಪಯೋಗಿಸುವವರು. "ಇದು ಆರೋಗ್ಯಕ್ಕೆ ಸಂಬಂಧಪಟ್ಟ ವಿಷಯ. ಇಲ್ಲಿ ಕೊಡಿ," ಎಂದು ಬೋನನ್ನು ಇಸಿದುಕೊಂಡರು. ಇಲಿಗಳಿಂದ ಮನುಷ್ಯನಿಗೆ ಏನೇನು ಕಷ್ಟ ಎಂದು ಹೆಂಗಸರಿಗೆ ಐದು ನಿಮಿಷ ಹೇಳಿದರು. ಹೆಂಗಸರು ಹರಗುವುದನ್ನು ನಿಲ್ಲಿಸಿ ಕೇಳಿದರು. ಕೇಳುವವರಿದ್ದರೆ ಗೌಡರ ಮಾತು ಉದ್ದವಾಗುವುದು ಕ್ರಮ.

"ನೀರಿನಲ್ಲಿ ಮುಳುಗಿಸಿ ಕೊಲ್ಲುವ ಮೊದಲು ಒಳಗೆ ಒಂದೋ ಎರಡೋ ಎಂದು ಖಚಿತಪಡಿಸಿಕೊಳ್ಳಬೇಕು," ಎಂದು ಅವರು ಬೋನನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಬಾಗಿಲ ಹಲಗೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದು ಕಣ್ಣು ಮುಚ್ಚಿ ಇಣುಕಿದರು.

"ಗೌಡ್ರೆ, ಬೆರಳು ತೂತಿನಲ್ಲಿ ಉಂಟು," ಎಂದಳು ಸೇಸಮ್ಮ.

"ನನಗೆ ಗೊತ್ತುಂಟು," ಎಂದರು ಗೌಡರು.

ಒಳಗಿದ್ದದ್ದು ಒಂದೇ ಇಲಿ. ಅದು, ಗಾಳಿಯಾಡಲೆಂದು ಬೋನಿಗೆ ಕೊರೆದಿಟ್ಟಿದ್ದ ತೂತಿನಲ್ಲಿ ತೂರಿದ್ದ ಗೌಡರ ಎಡಗೈಯ ಉಂಗುರದ ಬೆರಳನ್ನು ಹಿಡಿಯಿತು. ಹನ್ನೊಂದು ವರ್ಷದಲ್ಲಿ ಗೌಡರು ಊರಿನವರ ಯಾವ ಬೆರಳಿನಿಂದ ರಕ್ತ ತೆಗೆದಿದ್ದರೋ ಅದೇ ಬೆರಳಿನಿಂದ ಇಲಿಯೂ ತೆಗೆಯಿತು. ಬೋನು ನೆಲಕ್ಕೆ ಬಿತ್ತು, ಹಲಗೆ ಹಾರಿತು, ಗಣಪತಿಯ ವಾಹನ ಭತ್ತದ ರಾಶಿಯ ಮೇಲಿನಿಂದ ಓಡಿ ದನದ ಹಟ್ಟಿಯೊಳಗೆ ಸೇರಿಕೊಂಡಿತು.

"ಕಚ್ಚಿತಾ?"

"ಇಲ್ಲ. ಬೋನಿನ ಆಣಿ ತಾಗಿತು."

ಗೌಡರು ತನ್ನ ಚೀಲದಿಂದ ತಾನೇ ಹತ್ತಿ ತೆಗೆದು, ಸ್ಪಿರಿಟ್ ಒರೆಸಿ, ಪುಸ್ತಕದಲ್ಲಿ 'ಜ್ವರಪೀಡಿತರು ಇಲ್ಲ' ಎಂದು ಬರೆದು, ಗೋಡೆಗೆ ರುಜು ಹಾಕಿ ಸೈಕಲ್ಲು ಹತ್ತಿದರು. ಓಣಿಯ ತಿರುವು ದಾಟಿದ ಮೇಲೆ ಹಿಂದಿನಿಂದ ಹೆಂಗಸರು ನಗುವುದು ಕೇಳಿತು. ಭತ್ತ ಹರಗುವಾಗ ಹೆಂಗಸರು ಏನಾದರೊಂದಕ್ಕೆ ನಗುತ್ತಲೇ ಇರುತ್ತಾರೆ ಎಂದುಕೊಂಡರು.

ಇಲಿ ಕಚ್ಚಿತೆಂದು ಹೇಳಿದರೆ ಭೂಮಿ ಬಾಯಿ ಬಿಡುತ್ತಿರಲಿಲ್ಲ. ಆದರೆ ಭಾಷಣ ಮಾಡುತ್ತಿರುವಾಗಲೇ ಕಚ್ಚಿತೆಂದು ಹೇಳಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಗೌಡರು ಸೊಳ್ಳೆಯ ಇಲಾಖೆಯವರು. ಸೊಳ್ಳೆ ಕಚ್ಚಿದ್ದರೆ ಅದನ್ನು ಕರ್ತವ್ಯದ ಲೆಕ್ಕಕ್ಕೆ ಸೇರಿಸಬಹುದಿತ್ತು. ಇಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಒಂದು ವಾರದಲ್ಲಿ ಗಾಯ ಮಾಯಿತು. ಸೇಸಮ್ಮನ ಮನೆಯ ಮುಂದಿನ ಸರದಿ ಬಂದಾಗ ಗೌಡರಿಗೆ ಆ ಓಣಿಯಲ್ಲಿ ಸೈಕಲ್ಲು ತಿರುಗಿಸಲು ಏಕೋ ಮನಸ್ಸಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಒಂದು ಗೋಡೆ ತಾರೀಕು ಇಲ್ಲದೆ ಉಳಿಯಿತು.

ಅದರ ಮರುದಿನವೇ ಚಳಿ ಬಂತು. ಮೊದಲು ಬೆರಳು ನೋಯಿತು. ಮಾಯಿದ ಗಾಯ ಪುನಃ ಬಾತು ಕೆಂಪಾಗಿತ್ತು. ಮಧ್ಯಾಹ್ನದ ಮೇಲೆ ಹಲ್ಲು ಕಟಕಟ ಎನ್ನುವಂಥ ಚಳಿ, ಸಂಜೆಗೆ ಹಂಚು ಕಾದಂಥ ಮೈ. ಬೀಡಿ ಕಟ್ಟುತ್ತಿದ್ದ ಹೆಂಡತಿ ವಾರಿಜಾಕ್ಷಿ ಎದ್ದು ಬಂದು ಹಣೆ ಮುಟ್ಟಿ ನೋಡಿ ಕಂಬಳಿ ಹೊದೆಸಿದಳು. ಕಂಬಳಿಯೊಳಗಿನಿಂದ ಗೌಡರು, "ಮಲೇರಿಯಾ," ಎಂದರು. ಆ ದನಿಯಲ್ಲಿ ನೋವಿಗಿಂತ ಸಮಾಧಾನ ಹೆಚ್ಚಿತ್ತು. ಇಷ್ಟು ವರ್ಷ ಮಲೇರಿಯಾದ ಕೆಲಸ ಮಾಡಿಯೂ ಅವರಿಗೆ ಒಮ್ಮೆಯೂ ಅದು ಬಂದಿರಲಿಲ್ಲ. ಅದೊಂದು ಕೊರತೆಯಾಗಿ ಒಳಗೊಳಗೆ ಕಾಡುತ್ತಿತ್ತು.

ತನ್ನ ಬಲಗೈಯ ಬೆರಳನ್ನು ತಾನೇ ಚುಚ್ಚಿಕೊಂಡು ಸ್ಲೈಡು ಮಾಡಿದರು. ನಾಲ್ಕು ಮಾತ್ರೆಗಳನ್ನು ತನ್ನ ಕಣ್ಣೆದುರಿನಲ್ಲೇ ನುಂಗಿದರು. ಮೂರನೆಯ ದಿನ ಜ್ವರ ಬಿಟ್ಟಿತು.

"ನೋಡಿದೆಯಾ? ಇದು ಔಷಧದ ಶಕ್ತಿ."

"ನೋಡಿದೆ," ಎಂದಳು ವಾರಿಜಾಕ್ಷಿ. "ಆ ಬೆರಳು ಯಾಕೆ ಬದನೆಕಾಯಿಯ ಹಾಗೆ ಆಗಿದೆ?"

"ಅದು ಬೇರೆ."

ಐದು ದಿನ ಕಳೆದು ಜ್ವರ ಪುನಃ ಬಂತು. ಈ ಸಲ ಕಂಕುಳಲ್ಲಿ ಗೇರುಬೀಜದಷ್ಟು ಗಡ್ಡೆ, ಎದೆಯ ಮೇಲೆ ನೇರಳೆ ಬಣ್ಣದ ಕಲೆಗಳು. ಪುನಃ ನಾಲ್ಕು ಮಾತ್ರೆ, ಪುನಃ ಮೂರು ದಿನಕ್ಕೆ ಬಿಡುವು. ಅಷ್ಟರಲ್ಲಿ ಮೊದಲ ಸ್ಲೈಡಿನ ಫಲಿತಾಂಶ ಬಂದಿರಬೇಕು ಎಂದು ಗೌಡರು ಬಸ್ಸು ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವರು ಮಹಮ್ಮದ್ ಕುಂಞಿ. ತಾಳ್ಮೆಯ ಮನುಷ್ಯ.

"ನಿಮ್ಮ ರಕ್ತದಲ್ಲಿ ಎಂತದೂ ಇಲ್ಲ ಗೌಡ್ರೆ."

"ಸರಿಯಾಗಿ ನೋಡಿದ್ದೀರಾ?"

"ನೂರು ಕಡೆ ನೋಡಿದೆ. ನಿಯಮ ಉಂಟಲ್ಲ, ನೂರು ಕಡೆ ನೋಡಬೇಕು ಅಂತ."

"ನೂರೊಂದನೆಯ ಕಡೆ ಇರಬಹುದು."

ಕುಂಞಿ ಕನ್ನಡಕ ತೆಗೆದು ಒರೆಸಿದರು. "ಮಾರಾಯ್ರೆ, ಊರಿನವರಿಗೆಲ್ಲ ಇಲ್ಲ ಅಂದಾಗ ಒಪ್ಪಿಕೊಳ್ತೀರಿ. ನಿಮಗೆ ಇಲ್ಲ ಅಂದರೆ ಯಾಕೆ ಇಷ್ಟು ಬೇಸರ?"

ಗೌಡರು ಬಸ್ಸು ಹಿಡಿಯಲು ಎದ್ದರು. ದಾರಿಯಲ್ಲಿ ಯೋಚಿಸಿದರು. ದಿನ ಬಿಟ್ಟು ದಿನ ಬರುವ ಮಲೇರಿಯಾ ಉಂಟು, ಎರಡು ದಿನ ಬಿಟ್ಟು ಬರುವುದೂ ಉಂಟು. ಮೂರು ದಿನ ಜ್ವರ, ಐದು ದಿನ ರಜೆ ಎಂಬ ಕ್ರಮದ್ದು ಕೈಪಿಡಿಯಲ್ಲಿ ಇಲ್ಲ. ಕೈಪಿಡಿಯಲ್ಲಿ ಇಲ್ಲದ್ದು, ಸೂಕ್ಷ್ಮದರ್ಶಕಕ್ಕೂ ಸಿಗದ್ದು ಎಂದರೆ ಏನರ್ಥ? ಹೊಸ ಜಾತಿ! ಮನೆಗೆ ಬಂದವರೇ ಒಂದು ಹಾಳೆಗೆ ಗೆರೆ ಎಳೆದು, ಜ್ವರದ ದಿನಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡತೊಡಗಿದರು.

"ರೋಗಕ್ಕೆ ಅದನ್ನು ಕಂಡುಹಿಡಿದವರ ಹೆಸರನ್ನು ಇಡುವುದುಂಟು," ಎಂದು ಹೆಂಡತಿಗೆ ಹೇಳಿದರು.

"ನಿಮಗೆ ರೋಗದ ಹೆಸರನ್ನು ಇಟ್ಟಾಗಿದೆಯಲ್ಲ," ಎಂದಳು ವಾರಿಜಾಕ್ಷಿ. "ಸಾಕು. ಡಾಕ್ಟ್ರಿಗೆ ತೋರಿಸುವ."

ಮೂರನೆಯ ಸರದಿಯ ಜ್ವರ ಅವರನ್ನು ಡಾಕ್ಟರರ ಎದುರು ತಂದು ಕೂರಿಸಿತು. ಅಷ್ಟರಲ್ಲಿ ಗೌಡರ ಅಂಗಿಯ ಕಾಲರು ಕುತ್ತಿಗೆಗಿಂತ ದೊಡ್ಡದಾಗಿತ್ತು. ಡಾಕ್ಟರು ವಿಟ್ಲದ ಕಡೆಯ ಮಹೇಶ್ವರ ಭಟ್ಟರು, ಇಪ್ಪತ್ತೇಳು ವರ್ಷದವರು. ಮೀಸೆ ಸರಿಯಾಗಿ ಬಾರದವರಿಂದ ಮಲೇರಿಯಾದ ಬಗ್ಗೆ ಕಲಿಯಬೇಕಾದ್ದು ಏನೂ ಇಲ್ಲ ಎಂಬ ಭಾವದಲ್ಲಿ ಗೌಡರು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಭಟ್ಟರು ಹಾಳೆಯನ್ನು ಪಕ್ಕಕ್ಕೆ ಸರಿಸಿ ಬೆರಳನ್ನು ನೋಡಿದರು. ಕಂಕುಳು ಒತ್ತಿ ನೋಡಿದರು. ಅಂಗಿ ಬಿಚ್ಚಿಸಿ ಕಲೆಗಳನ್ನು ನೋಡಿದರು.

"ಏನಾದರೂ ಕಚ್ಚಿತ್ತಾ?"

"ಸೊಳ್ಳೆ."

"ಸೊಳ್ಳೆ ಅಲ್ಲ ಗೌಡ್ರೆ. ಹಲ್ಲು ಇರುವಂಥದ್ದು. ಬೆಕ್ಕು, ಇಲಿ, ಹೆಗ್ಗಣ?"

ಬಾಗಿಲ ಪಕ್ಕದ ಬೆಂಚಿನಲ್ಲಿ ಐದು ಜನ ಕುಳಿತಿದ್ದರು. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಮಾಡಿನ ಹಂಚು ನೋಡಿದರು.

"ಇಲ್ಲ," ಎಂದರು ಗೌಡರು.

ಭಟ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ಸರಿಯಾಗಿ ನೆನಪು ಮಾಡಿ. ಇಲಿಯ ಬಾಯಲ್ಲಿ ಒಂದು ರೋಗಾಣು ಇರ್ತದೆ. ಕಚ್ಚಿದ ಗಾಯ ಮಾಯ್ತದೆ, ನಾವು ಮರ್ತು ಬಿಡ್ತೇವೆ. ಹದಿನೈದು ದಿನ ಕಳೆದು ಗಾಯ ಪುನಃ ಬಾತು ಜ್ವರ ಬರ್ತದೆ. ಬಿಡ್ತದೆ, ಪುನಃ ಬರ್ತದೆ. ನಿಮ್ಮ ಮಾತ್ರೆ ಅದಕ್ಕೆ ಎಂತದೂ ಮಾಡುವುದಿಲ್ಲ. ತಾನಾಗಿ ಬಿಡುವುದನ್ನು ನೀವು ಮಾತ್ರೆಯ ಲೆಕ್ಕಕ್ಕೆ ಹಾಕಿದ್ದೀರಿ. ಹಾಗೇ ಬಿಟ್ಟರೆ ಹೃದಯಕ್ಕೂ ಹೋಗ್ತದೆ, ಸತ್ತವರೂ ಇದ್ದಾರೆ. ಇಲಿ ಹೌದು ಅಂದರೆ ಪೆನ್ಸಿಲಿನ್ ಕೊಡ್ತೇನೆ, ಗುಣ ಆಗ್ತದೆ. ಅಂದಾಜಿಗೆ ಕೊಡಲಿಕ್ಕೆ ನನಗೆ ಧೈರ್ಯ ಇಲ್ಲ. ಕೆಲವರಿಗೆ ಅದು ಆಗುವುದಿಲ್ಲ, ಸೂಜಿ ತೆಗೆಯುವ ಮೊದಲೇ ಬಿದ್ದು ಹೋದವರನ್ನು ನೋಡಿದ್ದೇನೆ. ಹೇಳಿ, ಇಲಿ ಕಚ್ಚಿತ್ತಾ?"

ಗೌಡರಿಗೆ ಎಲ್ಲವೂ ಅರ್ಥವಾಯಿತು. ದಿನ ಲೆಕ್ಕ ಹಾಕಿದರು, ಸರಿಯಾಗಿ ಹೊಂದುತ್ತಿತ್ತು. ಹೌದು ಎಂಬ ಎರಡಕ್ಷರ ನಾಲಗೆಯ ತುದಿಗೂ ಬಂತು. ಆಗ ಬೆಂಚಿನಲ್ಲಿದ್ದವರು ಪುನಃ ಕೆಮ್ಮಿದರು.

"ಒಂದು ಆಣಿ ತಾಗಿದ್ದುಂಟು," ಎಂದರು. "ಮತ್ತೆ, ಮಲೇರಿಯಾಕ್ಕೆ ಪೆನ್ಸಿಲಿನ್ ಎಂದು ನಮ್ಮ ಕೈಪಿಡಿಯಲ್ಲಿ ಎಲ್ಲಿಯೂ ಹೇಳಿಲ್ಲ."

ಭಟ್ಟರು ನಿಟ್ಟುಸಿರು ಬಿಟ್ಟು ಆಣಿಗೆ ಯಾವ ಚುಚ್ಚುಮದ್ದೋ ಅದನ್ನು ಕೊಟ್ಟು, ಬೆರಳಿಗೆ ಮುಲಾಮು ಹಚ್ಚಿಸಿ, "ಜ್ವರ ಪುನಃ ಬಂದರೆ ಅವತ್ತೇ ಬನ್ನಿ, ಸುಮ್ಮನೆ ಇರಬೇಡಿ," ಎಂದರು.

ಆಮೇಲಿನ ಐದು ದಿನ ಗೌಡರು ಹಾಳೆಯನ್ನು ಮುಟ್ಟಲಿಲ್ಲ. ಹೊಸ ಜಾತಿಯ ಮಲೇರಿಯಾ ಅವರ ಮನಸ್ಸಿನಲ್ಲೇ ಸತ್ತುಹೋಗಿತ್ತು. ಉಳಿದದ್ದು ಒಂದು ಇಲಿ ಮತ್ತು ಒಂದು ಸುಳ್ಳು. ಇಲಿಯ ವಿಷಯವನ್ನು ಈಗ ಹೇಳಿದರೆ ಆಣಿಯ ವಿಷಯವನ್ನೂ ಹೇಳಬೇಕು. ಆಣಿಯ ಸುಳ್ಳಿಗೆ ಎರಡು ಸಲ ರುಜು ಹಾಕಿದ ಹಾಗಾಗಿತ್ತು, ರುಜು ಹಾಕಿದ್ದನ್ನು ಅಳಿಸುವ ಕ್ರಮ ಅವರ ಇಲಾಖೆಯಲ್ಲಿ ಇರಲಿಲ್ಲ. ಒಂದೊಂದು ಸಲ ಎದೆಯ ಮೇಲೆ ಕೈಯಿಟ್ಟು ಹೃದಯ ಎಲ್ಲಿಯವರೆಗೆ ಸರಿ ಇದೆ ಎಂದು ನೋಡುವರು. ಅದು ಬಡಿಯುತ್ತಿತ್ತು. ಬಡಿಯುವಷ್ಟು ದಿನ ನೋಡುವ ಎಂದುಕೊಳ್ಳುವರು. ವಾರಿಜಾಕ್ಷಿ ಎರಡು ಸಲ ಏನೋ ಕೇಳಲು ಬಂದು, ಅವರ ಮುಖ ನೋಡಿ, ಬೀಡಿಯ ಎಲೆ ಕತ್ತರಿಸಲು ಹಿಂದಿರುಗಿದಳು.

ಜ್ವರದ ನಾಲ್ಕನೆಯ ಸರದಿಯ ದಿನ ಬೆಳಿಗ್ಗೆ ಗೌಡರು ಚೀಲ ಹಾಕಿಕೊಂಡು ಹೊರಟರು. ಸೇಸಮ್ಮನ ಮನೆಯ ಗೋಡೆಯಲ್ಲಿ ಎರಡು ತಾರೀಕು ಬಾಕಿಯಾಗಿತ್ತು, ಅದು ಅವರನ್ನು ಬೆರಳಿಗಿಂತ ಹೆಚ್ಚು ನೋಯಿಸುತ್ತಿತ್ತು. ಜ್ವರ ಬರುವುದು ಮಧ್ಯಾಹ್ನದ ಮೇಲೆ, ಅಷ್ಟರೊಳಗೆ ಮುಗಿಸಿ ಬರುವ ಎಂದು ಲೆಕ್ಕ ಹಾಕಿದ್ದರು. ಜ್ವರ ಆ ದಿನ ಹತ್ತು ಗಂಟೆಗೇ ಬಂತು. ಗೌಡರು ಸೇಸಮ್ಮನ ಬಾಗಿಲ ಹಿಂದೆ ನಿಂತು ತಾರೀಕು ಬರೆಯುತ್ತಿದ್ದಾಗ ಪೆನ್ಸಿಲು ನಡುಗತೊಡಗಿತು. ಎರಡರ ಅಂಕೆ ಗೋಡೆಯ ಉದ್ದಕ್ಕೂ ಹಾವಿನಂತೆ ಹರಿಯಿತು. ಅದರ ಬುಡದಲ್ಲೇ ಗೌಡರು ಕುಸಿದು ಕುಳಿತರು.

ಸೇಸಮ್ಮ ಚಾಪೆ ಹಾಸಿ ಮಲಗಿಸಿದಳು. ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸಿದಳು. ಅವರ ಎಡಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ನೋಡಿದಳು.

"ಇಲಿ ಕಚ್ಚಿದ್ದು ಇದೇ ಬೆರಳಿಗೆ ಅಲ್ವಾ ಗೌಡ್ರೆ? ಇದು ಯಾಕೆ ಇನ್ನೂ ಹೀಗೆ ಉಂಟು?"

ಗೌಡರು ಗಾಬರಿಯಿಂದ ಅಂಗಳದ ಕಡೆ ನೋಡಿದರು. ಯಾರೂ ಇರಲಿಲ್ಲ. "ಮೆಲ್ಲ ಮಾತಾಡಿ, ಸೇಸಮ್ಮ. ಕೈ ಮುಗಿತೇನೆ. ಇದನ್ನು ಯಾರಿಗೂ ಹೇಳಬೇಡಿ." ಹೇಳಿದ್ದು ತುಳುವಿನಲ್ಲಿ. ಹೆಗಲ ಮೇಲೆ ಚೀಲ ಇರುವಾಗ ಅವರ ಬಾಯಿಯಿಂದ ತುಳು ಬಂದದ್ದನ್ನು ಸೇಸಮ್ಮ ಅಂದೇ ಮೊದಲು ಕೇಳಿದ್ದು.

"ಹೇಳುವುದು ಯಾರಿಗೆ? ಗೊತ್ತಿಲ್ಲದವರು ಯಾರಿದ್ದಾರೆ?"

"ಎಂತ?"

"ಅವತ್ತು ಸಂಜೆಯೇ ಬೀಡಿ ಬ್ರಾಂಚಿನಲ್ಲಿ ಗೊತ್ತಾಯಿತಲ್ಲ. ಇಲ್ಲಿ ಭತ್ತ ಹರಗುತ್ತಿದ್ದ ಕಾಂತಿ ಬೀಡಿ ಕೊಡಲಿಕ್ಕೆ ಹೋದಾಗ ಹೇಳಿದ್ದು. ನಾನು ಬರೀ ಹೌದು ಅಂದದ್ದು, ಅಷ್ಟೇ."

"ಯಾರಿಗೆಲ್ಲ ಗೊತ್ತುಂಟು?"

"ಎಲ್ಲರಿಗೂ. ಶಾಲೆಯ ಮಾಸ್ಟ್ರಿಗೆ ಗೊತ್ತುಂಟು, ಬಸ್ಸಿನ ಕಂಡಕ್ಟ್ರಿಗೆ ಗೊತ್ತುಂಟು, ಮೀನಿನ ಮೈಮೂನಮ್ಮನಿಗೆ ಗೊತ್ತುಂಟು. ಚನಿಯಪ್ಪ ನಿಮ್ಮ ಹಾಗೆ ಒಂದು ಕಣ್ಣು ಮುಚ್ಚಿ ಇಣುಕಿ ತೋರಿಸುವುದು ನೋಡಬೇಕು ನೀವು! ಅಲ್ಲ, ನೀವು ನೋಡುವುದು ಬೇಡ. ಮತ್ತೆ ನೀವು ಆಣಿ ಅಂದಿರಲ್ಲ, ಆ ಬೋನಿನಲ್ಲಿ ಕಬ್ಬಿಣದ ಒಂದು ಆಣಿಯೂ ಇಲ್ಲ ಗೌಡ್ರೆ. ಎಲ್ಲ ಬಿದಿರಿನ ಮೊಳೆ."

ಗೌಡರು ಚಾಪೆಯ ಮೇಲೆ ಎದ್ದು ಕುಳಿತರು. "ಯಾರೂ ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ."

"ಕೇಳುವುದು ಹೇಗೆ? ನಿಮಗೆ ಬೇಸರ ಆಗ್ತದೆ, ಯಾರೂ ಬಾಯಿ ಬಿಡಬಾರದು ಅಂತ ವಾರಿಜಾಕ್ಷಿ ಮನೆಮನೆಗೆ ಬಂದು ಹೇಳಿ ಹೋಗಿದ್ದಾಳೆ. ಪಾಪ, ನಿಮ್ಮ ಮರ್ಯಾದೆಗೆ ಅಂತ."

ಒಂದು ಕ್ಷಣ ಗೌಡರಿಗೆ ಜ್ವರ ಏರಿತೋ ಇಳಿಯಿತೋ ತಿಳಿಯಲಿಲ್ಲ. ಮೂವತ್ತೊಂಬತ್ತು ದಿನ ಜೀವವನ್ನು ಅಡವಿಟ್ಟು ಕಾದ ಗುಟ್ಟು! ಅದನ್ನು ಕಾಯಲು ಅವರೊಬ್ಬರೇ ಅಲ್ಲ, ಇಡೀ ಊರು ಸೇರಿತ್ತು. ಗೊತ್ತಿಲ್ಲದೆ ಉಳಿದವರು ಇಬ್ಬರೇ, ಮಹಮ್ಮದ್ ಕುಂಞಿ ಮತ್ತು ಡಾಕ್ಟರು. ಗೊತ್ತಾಗಬೇಕಾದದ್ದೂ ಅವರಿಬ್ಬರಿಗೆ ಮಾತ್ರ. ಇಲಿಯ ಕಡಿತಕ್ಕೂ ಈ ಜ್ವರಕ್ಕೂ ಸಂಬಂಧ ಉಂಟೆಂದು ಊರಿನವರು ಕನಸಿನಲ್ಲಿಯೂ ನೆನೆಸಿರಲಿಲ್ಲ, ಡಾಕ್ಟರು ಅದನ್ನು ಹೇಳಿದ್ದೂ ದನಿ ತಗ್ಗಿಸಿ. ಜ್ವರ ಮಲೇರಿಯಾವೆಂದು ಹೇಳಿದವರು ಸ್ವತಃ ಮಲೇರಿಯಾ ಗೌಡರು, ಅವರ ಮಾತಿನ ಮೇಲೆ ಮಾತಾಡುವುದು ಯಾರು?

"ಸೇಸಮ್ಮ," ಎಂದರು ಗೌಡರು, "ಚನಿಯಪ್ಪನನ್ನು ಕರೀರಿ. ಹನ್ನೊಂದೂವರೆಯ ಬಸ್ಸು ಸಿಗಬೇಕು."

ಬಸ್ಸು ನಿಲ್ಲಿಸುವ ಮೊದಲೇ ಕಂಡಕ್ಟರು ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿದ. ಗೌಡರು ಚನಿಯಪ್ಪನ ಭುಜಕ್ಕೆ ಒರಗಿ ಕುಳಿತರು. ಡಾಕ್ಟರಿಗೆ ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಕನ್ನಡದಲ್ಲಿ ಜೋಡಿಸಿದರು. 'ಕರ್ತವ್ಯನಿರತನಾಗಿದ್ದ ಸಂದರ್ಭದಲ್ಲಿ ಮೂಷಿಕವೊಂದರಿಂದ' ಎಂದು ಶುರುವಾಗುವ ವಾಕ್ಯ. ಅದು ಎಷ್ಟು ಜೋಡಿಸಿದರೂ ಕೊನೆಗೆ ಇಲಿಯ ಬಾಯಿಗೇ ಬಂದು ನಿಲ್ಲುತ್ತಿತ್ತು. ಡಾಕ್ಟರರ ಮೇಜಿನ ಮುಂದೆ ಕುಳಿತಾಗ ಆ ವಾಕ್ಯ ಬಿದ್ದೇ ಹೋಯಿತು. ಗೌಡರು ಎಡಗೈಯನ್ನು ಮುಂದೆ ಚಾಚಿ ತುಳುವಿನಲ್ಲಿ, "ಇಲಿ ಕಚ್ಚಿದ್ದು ಡಾಕ್ಟ್ರೆ," ಎಂದರು.

ಭಟ್ಟರು ಪೆನ್ನು ಕೆಳಗಿಟ್ಟರು. "ಯಾವಾಗ?"

"ಇವತ್ತಿಗೆ ಮೂವತ್ತೊಂಬತ್ತು ದಿನ."

"ಮೊನ್ನೆ ಅಷ್ಟು ಕೇಳಿದೆನಲ್ಲ, ಇಲ್ಲ ಅಂದಿರಲ್ಲ?"

"ಮೊನ್ನೆ ಬೆಂಚಿನಲ್ಲಿ ಐದು ಜನ ಇದ್ದರು."

"ಇವತ್ತು ಏಳು ಜನ ಇದ್ದಾರೆ."

"ಇವತ್ತು ತೊಂದರೆ ಇಲ್ಲ. ಅವರಿಗೆಲ್ಲ ಗೊತ್ತುಂಟಂತೆ."

"ಹೌದು ಡಾಕ್ಟ್ರೆ," ಎಂದರು ಬೆಂಚಿನ ತುದಿಯಿಂದ ಒಬ್ಬರು. "ಸೇಸಮ್ಮನ ಅಂಗಳದಲ್ಲಿ. ಸಂಕಷ್ಟಿಯ ದಿನ."

ಡಾಕ್ಟರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಬೈಯಬೇಕಾದವರು ಎಷ್ಟು ಮಂದಿ ಎಂದು ಲೆಕ್ಕ ಸಿಗದ ಕಾರಣ ಯಾರನ್ನೂ ಬೈಯಲಿಲ್ಲ. ಗೌಡರ ಮುಂಗೈಗೆ ಚೂರೇ ಚೂರು ಪೆನ್ಸಿಲಿನ್ ಚುಚ್ಚಿ ಅರ್ಧ ಗಂಟೆ ಕೂರಿಸಿ ನೋಡಿದರು. ಏನೂ ಆಗಲಿಲ್ಲ. ಆಮೇಲೆ ಪೂರ್ತಿ ಕೊಟ್ಟರು. ಹತ್ತು ದಿನ ದಿನಕ್ಕೊಂದು ಎಂದು ಚೀಟಿ ಬರೆದರು. ಕುಂಞಿ ತನ್ನ ಕೋಣೆಯಿಂದ ಎದ್ದು ಬಂದು, ಒಂದು ಗ್ಲಾಸು ಚಹಾ ಗೌಡರ ಪಕ್ಕದಲ್ಲಿ ಇಟ್ಟು ಹಿಂದಿರುಗಿದರು.

ಮುಂದೆ ಎಂಬತ್ತಾರರಲ್ಲಿ ನಿವೃತ್ತಿಯಾಗುವವರೆಗೂ ಕುಶಾಲಪ್ಪ ಗೌಡರು ಅದೇ ಸೈಕಲ್ಲಿನಲ್ಲಿ ಅದೇ ಮನೆಗಳಿಗೆ ಹೋದರು. ಅದೇ ಪಾಠಪುಸ್ತಕದ ಕನ್ನಡದಲ್ಲಿ ವಿಚಾರಿಸಿದರು. ಮನುಷ್ಯ ಒಂದು ಇಲಿಯಿಂದ ಪೂರ್ತಿ ಬದಲಾಗುತ್ತಾನೆ ಎಂದು ಯಾರೂ ತಿಳಿಯಬಾರದು. ಆದರೆ ಸ್ಲೈಡಿನಲ್ಲಿ ಏನೂ ಸಿಗದ ಜ್ವರದವರನ್ನು, ಮಾತ್ರೆ ನುಂಗಿಸಿ ಸುಮ್ಮನಾಗದೆ, ಅಂಗಿ ಬಿಚ್ಚಿಸಿ ಕೈಕಾಲು ನೋಡಿ ಬಸ್ಸು ಹತ್ತಿಸುವುದನ್ನು ಅವರು ಕಲಿತರು. ಹಾಗೆ ಹೋದವರಲ್ಲಿ ಇಬ್ಬರಿಗೆ ಇಲಿಯದ್ದೇ ಆಗಿತ್ತಂತೆ. ಇಬ್ಬರೂ ನಾಚಿಕೆಯಿಂದ ಹೇಳದೆ ಕುಳಿತವರು. "ನನಗೂ ಆಗಿತ್ತು, ಹೇಳು," ಎಂದು ಗೌಡರು ಹೇಳಿದ ಮೇಲೆ ಬಾಯಿ ಬಿಟ್ಟರು.

ಹಾಗೆ ಹೇಳಲು ಗೌಡರು ಉಳಿಯಬೇಕಿತ್ತು. ಉಳಿದರೆಂದು ಅವರಿಗೆ ನಂಬಿಕೆ ಬಂದದ್ದು ಒಂದು ಗುರುವಾರ.

ಮೊದಲ ಚುಚ್ಚುಮದ್ದಿನ ಮರುದಿನವೇ ಜ್ವರ ಇಳಿದಿತ್ತು. ಆದರೆ ಇಳಿಯುವುದನ್ನು ಗೌಡರು ಈ ಮೊದಲು ಮೂರು ಸಲ ನೋಡಿದ್ದರು, ಅದಕ್ಕೆ ಬೆಲೆ ಕೊಡಲಿಲ್ಲ. ಲೆಕ್ಕದ ಪ್ರಕಾರ ಮುಂದಿನ ಸರದಿ ಆ ಗುರುವಾರ. ಅಂದು ಅವರು ಚುಚ್ಚುಮದ್ದು ತೆಗೆದುಕೊಂಡು ಮೊದಲ ಬಸ್ಸಿನಲ್ಲೇ ಮನೆಗೆ ಬಂದರು. ಜಗಲಿಯಲ್ಲಿ ಕಂಬಳಿ ಹೊದ್ದು ಗೋಡೆಗೆ ಒರಗಿ ಕುಳಿತರು. ವಾರಿಜಾಕ್ಷಿ ಎದುರಿನಲ್ಲಿ ಕುಳಿತು, ಎಲೆಯ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಹನ್ನೆರಡಾಯಿತು. ಒಂದಾಯಿತು. ಊಟ ಮಾಡಿ ಪುನಃ ಬಂದು ಕುಳಿತರು. ಮೂರಾಯಿತು. ಕಂಬಳಿಯೊಳಗೆ ಸೆಕೆಯಾಗಿ ಬೆವರಿದರೇ ಹೊರತು ಚಳಿಯ ಸುದ್ದಿ ಇರಲಿಲ್ಲ.

"ನಿನಗೆ ಯಾವಾಗ ಗೊತ್ತಾದದ್ದು?"

"ಅವತ್ತು ಸಂಜೆಯೇ. ಬ್ರಾಂಚಿನಲ್ಲಿ."

"ಮತ್ತೆ ಯಾಕೆ ಕೇಳಲಿಲ್ಲ?"

"ಬೆರಳು ಯಾಕೆ ಹೀಗಾಗಿದೆ ಅಂತ ಕೇಳಿದೆನಲ್ಲ? ಅದು ಬೇರೆ ಅಂದಿರಿ. ಬೇರೆ ಅಂದರೆ ಬೇರೆಯೇ ಆಗಿರಬೇಕು ಅಂತ ನಾನೂ ನಂಬಿದೆ." ನೂಲು ಸುತ್ತಿ ಬೀಡಿಯ ತುದಿ ಮಡಚಿದಳು. "ನೀವು ನನಗಾದರೂ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ದರೆ ನೀನು ನಗುತ್ತಿದ್ದೆ."

"ನಗುತ್ತಿದ್ದೆ. ನಕ್ಕು, ಮತ್ತೆ ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗ್ತಿದ್ದೆ."

ಗೌಡರು ಎಡಗೈಯನ್ನು ಬಿಡಿಸಿ ಮುಚ್ಚಿ ನೋಡಿದರು. ಬಾವು ಇಳಿದು ಬೆರಳಿನ ಗಂಟಿನ ಗೆರೆಗಳು ಪುನಃ ಕಾಣುತ್ತಿದ್ದವು. ಹಿತ್ತಿಲಿನ ನೆರಳು ಜಗಲಿಯ ಮೆಟ್ಟಿಲಿಗೆ ಬಂದಾಗ ಅವರು ಹಣೆ ಮುಟ್ಟಿ ನೋಡಿಕೊಂಡರು. ತಣ್ಣಗಿತ್ತು. ಕಂಬಳಿ ತೆಗೆದು ಮಡಚಿದರು.

"ಬರಲಿಲ್ಲ," ಎಂದರು.

ವಾರಿಜಾಕ್ಷಿ ಕೈಯಲ್ಲಿದ್ದ ಬೀಡಿಯನ್ನು ಗೆರಸೆಗೆ ಹಾಕಿದಳು. ಏನೋ ಹೇಳಲು ಹೊರಟವಳ ತುಟಿ ಮೊದಲು ಒಂದು ಬದಿಗೆ ಹೋಯಿತು. ಆಮೇಲೆ ಭುಜ ಕುಲುಕಿತು. "ಒಂದೋ ಎರಡೋ ಅಂತ," ಎಂದಳು, ಅಷ್ಟರಲ್ಲಿ ತಡೆಯಲಾಗದೆ ನಗತೊಡಗಿದಳು. ಒಂದೂವರೆ ತಿಂಗಳಿನಿಂದ ತಡೆದಿಟ್ಟ ನಗು ಅದು. ಗೆರಸೆ ಮಡಿಲಿನಿಂದ ಜಾರಿ ಎಲೆಗಳು ಜಗಲಿಯ ತುಂಬ ಹರಡಿದವು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನಡುವೆ ಒಮ್ಮೆ ಕಣ್ಣು ಒರೆಸಿಕೊಂಡಳು. ಅದು ನಗುವಿನದ್ದೋ ಬೇರೆಯದ್ದೋ ಎಂದು ಗೌಡರು ವಿಚಾರಿಸಲಿಲ್ಲ. ಅವಳು ನಕ್ಕು ಮುಗಿಸುವವರೆಗೆ ಕಾದು, ಮೊಣಕಾಲೂರಿ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಗೆರಸೆಗೆ ಹಾಕತೊಡಗಿದರು.